ಗ್ರಹಣದ ದಿನದ ಬಸುರಿ ಮೀನು

ಇವತ್ತು ಬೆಳಿಗ್ಗೆ ಮಂಡ್ಯದ ನಮ್ಮ ಮನೆಯ ಹಿತ್ತಲಲ್ಲಿ ನೀರಿನ ತೊಟ್ಟಿ ತೊಳೆಯಲು ಬಿರಡೆಗೆ ಕೈ ಹಾಕಿದವನು ಹಾಗೇ ಕುಕ್ಕರಿಸಿಬಿಟ್ಟೆ. ನೀರಿನ ಮೇಲ್ಮೈಯಲ್ಲಿ ಗಾಜಿನ ಚೂರಿನಂಥ ಪುಟ್ಟ ಮೀನು. ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳ ಗೊಂಚಲು. ಸೊಳ್ಳೆಮರಿ ತಿನ್ನಲೆಂದು ಕೊಪ್ಪದ ದೊಡ್ಡಪ್ಪನ ಗದ್ದೆಯಿಂದ ತಂದು ಬಿಟ್ಟ ಮೀನಿನ ಸಂತಾನ. ನಾಳೆ ನೆಂಟರು ಬರುತ್ತಾರೆ, ತೊಟ್ಟಿ ಫಳಫಳ ಅನ್ನಬೇಕೆಂದು ಹೆಂಡತಿಯ ಅಪ್ಪಣೆ. ಆದರೂ ಬಿರಡೆ ಕೀಳಲು ಕೈ ಬರಲಿಲ್ಲ.

ಈ ಮೀನಿಗೆ ಪುಸ್ತಕದಲ್ಲಿ ಉದ್ದನೆಯ ಹೆಸರಿದೆಯಂತೆ. ನಮಗೆ ಬರೀ ಗದ್ದೆ ಮೀನು. ಸಾರಿಗೆ ಹಾಕೋಣವೆಂದರೆ ಬೊಗಸೆ ತುಂಬ ಹಿಡಿದರೂ ಒಂದು ತುತ್ತಾಗದು. ಬಾಯಿ ಮೇಲ್ಮುಖ, ಕಣ್ಣು ಮುಖಕ್ಕೆ ಮೀರಿದ್ದು. ಯಾರಾದರೂ ಏನಾದರೂ ಕೊಟ್ಟಾರೆಂದು ಕಾಯುವ ನನ್ನದೇ ಮುಖ ಅನ್ನಿ. ಬೆಳಗಿನ ಜಾವ ಇಟ್ಟ ಮೊಟ್ಟೆಯನ್ನು ಹೊಟ್ಟೆಗೇ ನೇತುಹಾಕಿಕೊಂಡು ತಿರುಗಿ, ಹೊತ್ತೇರಿದ ಮೇಲೆ ಪೈರಿನ ಬುಡಕ್ಕೆ ಒರೆಸಿ ಅಂಟಿಸುತ್ತದೆ. ನಮ್ಮವರಲ್ಲಿ ಇದನ್ನು ಮೊದಲು ಕಂಡವಳು ಕೊಪ್ಪದ ದೊಡ್ಡಮ್ಮ. ಕಂಡವಳು ಸುಮ್ಮನಿದ್ದಳೇ?

ಆ ವರ್ಷ ಭತ್ತ ಬಲಿತು ಬಾಗಿತ್ತು. ಕೊಯ್ಯುವ ಮಷೀನು ಮುಂದಿನ ವಾರ ನಮ್ಮ ಸರದಿಗೆ ಬರುವುದಿತ್ತು. ಗದ್ದೆ ಒಣಗದಿದ್ದರೆ ಮಷೀನು ಹೂತುಕೊಳ್ಳುತ್ತದೆ. ಸರದಿ ತಪ್ಪಿದರೆ ಅದು ಕಿರುಗಾವಲಿನ ಕಡೆ ಹೋಗಿಬಿಡುತ್ತದೆ, ಇತ್ತ ಕಾಳೆಲ್ಲ ಉದುರಿ ಮಣ್ಣುಪಾಲು. ನೀರು ಬಸಿಯಲು ದೊಡ್ಡಪ್ಪ ಗುದ್ದಲಿ ಹಿಡಿದು ಬದು ಒಡೆಯಲು ಹೊರಟರೆ, ಅವತ್ತೇ ಸೂರ್ಯಗ್ರಹಣ. ದೊಡ್ಡಮ್ಮ ಸೆರಗು ಸಿಕ್ಕಿಸಿ ಬದುವಿನ ಮೇಲೆ ಅಡ್ಡ ಕೂತಳು.

“ಗ್ರಾಣ ಇಡಿಯೋ ವತ್ನಲ್ಲಿ ಬಸುರೀನ ಮನೆಯಿಂದ ಆಚ್ಗೆ ಆಕ್ತಾರಾ? ಬುಡು ಗುದ್ಲಿ.”

ದೇವರಿಗೂ ಹೆದರದ ದೊಡ್ಡಪ್ಪ ಗುದ್ದಲಿ ಬಿಟ್ಟ. ಆಗಷ್ಟೇ ಕಾಲೇಜು ಮುಗಿಸಿದ್ದ ನಾನು, ಮೀನಿಗೆ ಗ್ರಹಣ ತಟ್ಟುವುದಿಲ್ಲವೆಂದು ಉಪನ್ಯಾಸ ಬಿಗಿದೆ. ಗದ್ದೆ ನೀರಿಗೆ ಹಾಕಲು ದರ್ಭೆ ತಾ ಎಂದು ನನ್ನನ್ನೇ ಓಡಿಸಿದಳು.

ಗ್ರಹಣ ಬಿಟ್ಟಿತು. ಅಷ್ಟರಲ್ಲಿ ಮೀನೂ ಮೊಟ್ಟೆ ಅಂಟಿಸಿತ್ತು. ಹೆರಿಗೆ ಮುಗಿಯಿತಲ್ಲ ಎಂದು ದೊಡ್ಡಪ್ಪ ಮತ್ತೆ ಗುದ್ದಲಿ ಎತ್ತಿದ. ಬಾಣಂತಿಯನ್ನು ಅಟ್ಟಿದ ಮನೆ ಉದ್ಧಾರವಾದೀತೇ ಎಂದು ದೊಡ್ಡಮ್ಮ ಜಾಗ ಬಿಟ್ಟು ಏಳಲಿಲ್ಲ. ಒಂದು ದಿನ ತಾಳೋಣವೆಂದು ಅವನು ಮರುದಿನ ಹೋಗಿ ನೋಡಿದರೆ, ಅಯ್ಯೋ ಶಿವನೇ, ಮತ್ತೆ ಗೊಂಚಲು! ಕಾಲ ಕೂಡಿಬಂದರೆ ಈ ಜಾತಿ ದಿನಾ ಮೊಟ್ಟೆ ಇಡುತ್ತದೆ.

“ನೆನ್ನೆ ಎತ್ತವ್ಳು ಇವತ್ತು ತಿರ್ಗ ಬಸುರಿ ಕಣ್ಲಾ,” ಎಂದು ನನ್ನ ಕಡೆ ತಿರುಗಿದವನ ದನಿಯಲ್ಲಿ ಅಳುವೊಂದು ಬಾಕಿ.

ಕೊನೆಗೆ ಗದ್ದೆಯ ತಗ್ಗಿನ ಮೂಲೆಯಲ್ಲಿ ಕಾಳು ತುಂಬಿದ ಪೈರನ್ನೇ ಕಿತ್ತು ಗುಂಡಿ ತೋಡಿದ. ಮೊಟ್ಟೆ ಅಂಟಿದ ಬುಡಗಳನ್ನು ಬೇರು ಸಮೇತ ತಂದು ಅದರಲ್ಲಿಟ್ಟ. ಆಮೇಲೆ ಬದು ಒಡೆದ. ನೀರಿಳಿದಂತೆ ಮೀನುಗಳು ಗುಂಡಿ ಸೇರಿದವು. ಕೇಳಿದವರಿಗೆಲ್ಲ, ಎಮ್ಮೆಗೆ ನೀರು ಕುಡಿಸಲು ಎಂದ. ಕೊಪ್ಪದ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಮಷೀನು ಸರದಿಗೆ ಸರಿಯಾಗಿ ಬಂದು, ಗುಂಡಿ ಬಳಸಿಕೊಂಡು ಕೊಯ್ದು ಹೋಯಿತು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಈ ಸಲ ಬದುವಿನ ಮೇಲೆ ಅಡ್ಡ ಕೂರುವವರು ಯಾರೂ ಇರಲಿಲ್ಲ. ಆದರೂ ದೊಡ್ಡಪ್ಪ ಮೊದಲು ಗುಂಡಿ ತೋಡಿ, ಆಮೇಲೆ ಬದು ಒಡೆದ.

ಬಿರಡೆಯಿಂದ ಕೈ ತೆಗೆದು ಒಳಗೆ ಹೋದೆ. ನೆಂಟರು ನಲ್ಲಿ ಕೆಳಗೆ ಸ್ನಾನ ಮಾಡಲಿ, ತೊಟ್ಟಿ ತೊಳೆಯುವುದಿಲ್ಲ ಎಂದೆ. ಮದುವೆಯಾದಾಗಿನಿಂದ ಹೆಂಡತಿಗೆ ನಾನು ‘ಇಲ್ಲ’ ಅಂದದ್ದು ಇದೇ ಮೊದಲು.