ಗೇಟಿನಾಚೆ ಕಳೆದ ಐನೂರು ವರ್ಷ

ಬೋನಾಳದ ಮರಿಲಿಂಗಪ್ಪ ಒಂದು ಕಡೆ ಕುಂಡಿ ಊರುವುದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಮದುವೆ ಊಟಕ್ಕೆ ಕೂತವನು ಎರಡನೇ ಸಲ ಅನ್ನ ಬರುವುದರೊಳಗೆ ಎದ್ದು, ಮನೆ ನೋಡಿಕೊಂಡು ಬರುತ್ತೇನೆಂದು ಹೊರಟುಬಿಡುತ್ತಾನೆ. ಹೊಲದಲ್ಲಿದ್ದರೂ ಅಷ್ಟೇ, ಸಂತೆಯಲ್ಲಿದ್ದರೂ ಅಷ್ಟೇ. ನಗುವವರು ನಗಲಿ. ನಾನು ನಗುವುದಿಲ್ಲ, ಸುರಪುರದ ಬೋರ್ಡಿಂಗಿನಲ್ಲಿ ಅವನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು ನಾನು.

ನಿಜಾಮರ ಕಡೆಯ ರಜಾಕಾರರ ಗದ್ದಲ ಶುರುವಾದಾಗ ಬೋರ್ಡಿಂಗಿನ ಗೇಟಿಗೆ ಬೀಗ ಬಿತ್ತು. ಸರಕಾರ ಬದಲಾಗಿ ತಿಂಗಳುಗಳಾದರೂ ನಮ್ಮನ್ನು ಹೊರಗೆ ಬಿಡಲಿಲ್ಲ. ಹಳ್ಳಿಗಳೆಲ್ಲ ಚದುರಿದ್ದವು, ಯಾರ ಮನೆಯಿಂದಲೂ ಸುದ್ದಿಯಿಲ್ಲ. ಮರಿಲಿಂಗನಿಗೆ ಆಗ ಒಂಬತ್ತು ವರ್ಷ. ದಿನಾ ಗೇಟಿನ ಸರಳು ಹಿಡಿದು, ಅವ್ವ ಬಂದಾಳೇನೋ ಎಂದು ದಾರಿ ನೋಡುತ್ತಿದ್ದ.

ಒಂದು ಬೆಳಿಗ್ಗೆ ಭಗವಂತರಾಯ ಮಾಸ್ತರರು ಕರಿಹಲಗೆಯ ಮೇಲೆ ತಾರೀಖು ಬರೆದರು. ನಿನ್ನೆಯವರೆಗೆ ಅಲ್ಲಿ ನಿಜಾಮರ ಫಸಲಿ ಲೆಕ್ಕದ ೧೩೫೮ ಇತ್ತು. ಇವತ್ತು ೧೯೪೯.

"ಹೊಸ ಸರಕಾರ, ಹೊಸ ಸನ್. ಸುಮ್ಮನ ಬರಕೋರಿ," ಎಂದರು. ಬಿಡಿಸಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಮರಿಲಿಂಗ ಪಾಟಿಯ ಮೇಲೆ ಕಳೆದು ನೋಡಿ, ಅದನ್ನು ನನ್ನ ಮುಂದೆ ಹಿಡಿದ. "ಒಂದ ರಾತ್ರ್ಯಾಗ ಐನೂರಾ ತೊಂಬತ್ತೊಂದು ವರ್ಷ ಹೋಗ್ಯಾವಲೇ. ನಮ್ಮವ್ವ ಸತ್ತಿರ್ತಾಳ."

"ಹುಚ್ಚ ಅದಿ ಏನು? ಹಂಗಿದ್ರ ನಾವ್ಯಾಕ ಮುದುಕರಾಗಿಲ್ಲ?" ಎಂದೆ.

"ಗೇಟ್ ಹಾಕಿತ್ತಲ್ಲ. ವರ್ಷ ಹೊರಗಷ್ಟ ಹೋಗ್ಯಾವ. ಒಳಗ ಬಂದಿಲ್ಲ."

ನಾನೂ ಗೇಟಿನ ಕಡೆ ತಿರುಗಿ ನೋಡಿದೆ. ಅವ್ವನನ್ನು ಮಣ್ಣು ಮಾಡಿದ ಜಾಗವನ್ನಾದರೂ ನೋಡಬೇಕೆಂದು ಅವನು ಹಟ ಹಿಡಿದ. ಅಡುಗೆಯ ಮದೀನಾಬೀ ಕಟ್ಟಿಗೆ ಬಂಡಿಗೆಂದು ಗೇಟು ತೆಗೆಸಿದಾಗ, ಬಂಡಿಯ ಮರೆಯಲ್ಲಿ ನುಸುಳಿ ಓಟ ಕಿತ್ತೆವು.

ಹೊರಗೆ ಕಂಡದ್ದೆಲ್ಲ ಅವನ ಮಾತಿಗೇ ಸಾಕ್ಷಿ. ಕಚೇರಿಯ ಉರ್ದು ಬೋರ್ಡು ಅಳಿಸಿ ಒಬ್ಬ ಕನ್ನಡ ಬರೆಯುತ್ತಿದ್ದ. ಪೊಲೀಸರ ದಿರಿಸು ಬೇರೆ, ಕಂಬದ ಮೇಲಿನ ಬಾವುಟ ಬೇರೆ. ಮರಿಲಿಂಗ ನನ್ನ ಕೈ ಬಿಡಲಿಲ್ಲ. ಬಿಸಿಲಲ್ಲಿ ನಡೆದು ನಡೆದು ಬೋನಾಳದ ಕೆರೆ ಕಂಡಾಗ, "ನೋಡು, ಕೆರಿ ಹಂಗ ಅದ," ಎಂದು ಧೈರ್ಯ ಹೇಳಿದೆ.

"ಕೆರಿಗೇನು ಧಾಡಿ? ಸಾವಿರ ವರ್ಷ ಇರ್ತದ," ಎಂದು ಮುಂದೆ ಓಡಿದ.

ಮನೆ ಇರಲಿಲ್ಲ. ಮಾಳಿಗೆ ಕುಸಿದು, ಬಾಗಿಲು ಕಿತ್ತುಹೋಗಿ, ಅಂಗಳದ ತುಂಬ ಜಾಲಿ ಎದ್ದಿತ್ತು. ಅವನು ಹೊಸ್ತಿಲ ಮೇಲೆ ಕುಸಿದು ಕೂತ. ನಾನೂ ನಂಬಿಬಿಟ್ಟೆ. ನಮ್ಮವ್ವನೂ ಹೋದಳೆಂದು ಗೊಳೋ ಎಂದು ಅತ್ತೆ.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಹೆಂಗಸೊಬ್ಬಳು ನಮ್ಮನ್ನು ನೋಡಿ ನಿಂತಳು. ಹಣೆ ಬೋಳು, ಕೈ ಬೋಳು. ಕೆನ್ನೆ ಒಳಗೆ ಹೋಗಿ, ಕೂದಲು ಬೆಳ್ಳಗಾಗಿತ್ತು.

"ಯಮ್ಮಾ, ಈ ಮನ್ಯಾಗ ಭೀಮವ್ವ ಅಂತ ಇದ್ಲರಿ. ಆಕಿ ಸತ್ತು ಎಷ್ಟ ವರ್ಷ ಆತ್ರಿ?" ಎಂದು ಮರಿಲಿಂಗ ಕೇಳಿದ.

ಅವಳ ಕೈಯ ಕೋಲು ಬಿತ್ತು. "ನಾನಲೋ ಮರಿಲಿಂಗಾ, ನಾನ ನಿಮ್ಮವ್ವ."

ದನಿ ಅವಳದೇ. ಆದರೂ ಅವನು ಹತ್ತಿರ ಹೋಗಲಿಲ್ಲ, ಆ ಬರಿಗೈಗಳನ್ನೇ ನೋಡಿದ. "ಅಪ್ಪ ಎಲ್ಲಿ?"

ಗದ್ದಲಕ್ಕೆ ಹೆದರಿ ಗಂಡ ಹೆಂಡತಿ ಕುರಿ ಹೊಡೆದುಕೊಂಡು ಕೃಷ್ಣೆ ದಾಟಿದ್ದರಂತೆ. ಆ ದಂಡೆಯಲ್ಲೇ ಜ್ವರ ಬಂದು ಗಂಡ ತೀರಿದ. "ಹ್ವಾದ ವಾರ ತಿರುಗಿ ಬಂದೀನಿ. ಈ ಹಣಿ ಇಟಗೊಂಡು ನಿನ್ನ ಮುಂದ ಹೆಂಗ ನಿಂದರಲಿ ಅಂತ ಬೋರ್ಡಿಂಗಿಗಿ ಬರಲಿಲ್ಲಪ್ಪ," ಎಂದಳು.

ಅವನ ಲೆಕ್ಕ ಇನ್ನೂ ಕೂಡಿರಲಿಲ್ಲ. "ಐನೂರು ವರ್ಷ ಆಗಿಲ್ಲೇನು?"

"ಎಲ್ಲಿ ಐನೂರೋ? ನೀ ಹೋಗಿ ಒಂದ ವರ್ಷ ಆಗ್ಯಾದ."

"ಒಂದ ವರ್ಷದಾಗ ಇಷ್ಟು ಮುದುಕಿ ಆದೇನಬೇ?"

ಗಂಡ ಸತ್ತಾಗಿನಿಂದ ಅಳಲಿಕ್ಕೂ ಪುರಸೊತ್ತಿಲ್ಲದ ಭೀಮವ್ವ, ಮಗನನ್ನು ಎಳೆದುಕೊಂಡು ಆ ಜಾಲಿಯ ನಡುವೆಯೇ ಕೂತು ಅತ್ತಳು. ಕುರಿಗಳು ದಿಕ್ಕಾಪಾಲಾದವು. ತಿರುಗಿಸಲು ನಾನೊಬ್ಬನೇ ಓಡಿದೆ.