ಗೌರತ್ತಿಯ ಎಡ ಅಂಗೈ

"ಎಡಗೈಲೆ ಏನು ಉಣ್ತೀಯೇನು? ಡಾಕ್ಟರ್ ಕೊಯ್ಲಿ ಬಿಡಬೇ," ಅಂದ ಮಲ್ಲು.

ಮಲ್ಲು ಅಂದ್ರ ಕಮಲಾಪುರದ ನಮ್ಮ ಗೌರತ್ತಿ ಮಗ. ಗೌರತ್ತಿ ನಮ್ಮಪ್ಪನ ಅಕ್ಕ. ಆಕಿ ಎರಡೂ ಕೈ ಬೆರಳು ಜೋಮು ಹಿಡದಿದ್ವು. ಬಲಗೈ ಆಪರೇಷನ್ ಆಗಿ ಆರಾಮಾತು, ಮೊದಲಿನಂಗೇ ರೊಟ್ಟಿ ಬಡಿತಾಳ. ಆದ್ರ ಎಡಗೈ ಅಂದ ಕೂಡ್ಲೆ ಒಂದೇ ಮಾತು: ಬ್ಯಾಡ.

ತಡ ಮಾಡಿದ್ರ ಹೆಬ್ಬಟ್ಟಿನ ಬುಡದ ಮಾಂಸ ಸೊರಗಿ ಹೋಗ್ತದ, ಹಿಡಿತ ತಿರುಗಿ ಬರೋದು ಕಷ್ಟ ಅಂತ ಡಾಕ್ಟರ್ ಹೇಳಿದ್ರು. ಅಷ್ಟು ಕೇಳಿ ನಾ ಸುಮ್ನ ಕುಂದ್ರತೀನೇನು? (ನಾ ಡಾಕ್ಟರ್ ಅಲ್ಲ. ಅನಾಟಮಿ ವಿಡಿಯೋ ನೋಡೋ ಹುಚ್ಚು. ಮದಿವ್ಯಾಗ ಸೈತ ಮಂದಿ ಕೈ ಹಿಡದು ನರ ಹುಡುಕ್ತೀನಿ.) ಕಲಬುರಗಿಯಿಂದ ಬಸ್ ಹತ್ತಿ ಕಮಲಾಪುರಕ್ಕ ಹೋದೆ.

"ಅತ್ತಿ, ಮಣಿಕಟ್ಟು ಅಂದ್ರ ಕಲಬುರಗಿ ಸೂಪರ್ ಮಾರ್ಕೆಟ್ ಗಲ್ಲಿ ಅಂತ ತಿಳ್ಕೋ. ಬೆರಳು ಎಳಿಯೋ ಹುರಿಗಳೆಲ್ಲಾ ಆಟೋ. ಅವುಗಳ ನಡುವ ಒಂದು ನರ, ಕೈಚೀಲ ಹಿಡದ ಮುದುಕಿ ಇದ್ದಂಗ. ಆಟೋದವ್ರು ಒತ್ತಿ ಒತ್ತಿ ಮುದುಕಿ ಗ್ವಾಡಿಗಿ ಹತ್ಯಾಳ. ಡಾಕ್ಟರ್ ಗಲ್ಲಿ ಮ್ಯಾಲಿನ ಛತ್ತು ಸೀಳ್ತಾರ, ಜಾಗ ಆಗ್ತದ. ಇಷ್ಟೇ."

"ಮುದುಕಿ ಅಂದ್ರ ನಾನೇನು?"

"ಅಲ್ಲಬೇ, ನರ."

ಒಂದು ಕೆಂಪು ಬಾಳಿಹಣ್ಣು ಕೈಗಿಟ್ಟು, "ತಿನ್ನು, ಬಾಯಿ ಜರಾ ದಣಿವಾರಿಸ್ಕೋಳಲಿ," ಅಂದ್ಳು. ನನ್ನ ಅನಾಟಮಿ ಅಲ್ಲಿಗೇ ಮುಗೀತು.

ಮರುದಿನ ಮುಂಜಾನಿ ಅತ್ತಿ ಜಳಕ ಮಾಡಿ ಪೂಜಿಗಿ ಕುಂತಳು. ಕೊರಳಾಗಿನ ಇಷ್ಟಲಿಂಗ ಬಿಚ್ಚಿ ಎಡ ಅಂಗೈಯಾಗ ಇಟ್ಕೊಂಡು, ಬಲಗೈಲೆ ನೀರು, ವಿಭೂತಿ, ಪತ್ರಿ. ಸಣ್ಣಾಂವ ಇದ್ದಾಗಿಂದ ನೋಡೀನಿ. ಆವತ್ತೇ ಮೊದಲ ಸಲ ಆ ಎಡಗೈ ಕಡಿ ನೋಡ್ದೆ.

"ಜೋಮು ಹಿಡದ ಕೈಯಾಗ ಲಿಂಗ ಗೊತ್ತಾಗ್ತದೇನತ್ತಿ?"

"ಬೆರಳಿಗಿ ಗೊತ್ತಾಗಂಗಿಲ್ಲ. ಇಲ್ಲಿ, ನಡುವ, ಗೊತ್ತಾಗ್ತದ. ತಣ್ಣಗ." ಒಂದು ಪತ್ರಿ ಏರಿಸಿ ಅಂದ್ಳು, "ನಿಮ್ಮ ಮಾಮ ಹೋದ ಮ್ಯಾಲ ನಾ ಮನಸು ಬಿಚ್ಚಿ ಮಾತಾಡೋದು ಇದರ ಕೂಡನೇ. ಬಲಗೈದಾಗ ನೋಡೀನಲ್ಲ, ಅಂಗೈಗೇ ಕೊಯ್ತಾರ. ಈ ಜಾಗ ಸತ್ತು ಹೋದ್ರ?"

ಇಷ್ಟು ದಿನ ನಾವೆಲ್ಲಾ ಏನು ಹೇಳ್ಲಾಕತ್ತಿದ್ವಿ? ನೋಯಂಗಿಲ್ಲ, ಅಂಜಬ್ಯಾಡ ಅಂತ. ನೋವಿಗಿ ಯಾರು ಅಂಜಿದ್ರು?

ಈ ಮಾತು ಡಾಕ್ಟರಿಗೇ ಕೇಳೋಣು ಅಂತ ಮಲ್ಲು, ನಾನು ಇಬ್ಬರೂ ಕೂಡಿ ಕಲಬುರಗಿ ದವಾಖಾನಿಗಿ ಕರ್ಕೊಂಡು ಹೋದ್ವಿ. ಡಾಕ್ಟರ್ ಹೆಣ್ಮಗಳು, ಸಣ್ಣ ವಯಸ್ಸು. ಪೂರಾ ಕೇಳಿ, "ಅಮ್ಮಾ, ಎಲ್ಲಿ ಇಟ್ಕೋತೀರಿ ತೋರಸ್ರಿ," ಅಂದ್ರು. ಅತ್ತಿ ನಳದಾಗ ಕೈ ತೊಳ್ಕೊಂಡು, ಒರಸಿ, ಲಿಂಗ ಇಟ್ಟು ತೋರಿಸಿದ್ಳು. ಡಾಕ್ಟರ್ ಲಿಂಗಕ್ಕ ಪೆನ್ನು ತಾಗಸಲಾರ್ದಂಗ ಸುತ್ತ ಒಂದು ಗೆರಿ ಎಳದ್ರು.

"ಬೆರಳಿನ ನರ ಮಣಿಕಟ್ಟಿನ ಸುರಂಗದಾಗಿಂದ ಬರ್ತದ. ಈ ಜಾಗದ ತೊಗಲಿಗಿ ಬರೋ ಎಳಿ ಸುರಂಗಕ್ಕಿಂತ ಮೊದಲೇ ಕವಲೊಡದು, ಅದರ ಛತ್ತಿನ ಮ್ಯಾಲಿಂದ ಬರ್ತದ. ಅದಕ್ಕೇ ಇಲ್ಲಿ ಜೋಮು ಇಲ್ಲ. ನಾ ಉಂಗುರ ಬೆರಳಿನ ನೇರಕ್ಕ, ಈ ಗೆರಿ ಕೆಳಗ ಕೊಯ್ತೀನಿ. ಆದ್ರ ಸಣ್ಣ ಎಳಿಗಳು ಒಬ್ಬೊಬ್ಬರಿಗಿ ಒಂದೊಂದು ಕಡಿ ಇರ್ತಾವರಿ. ನೋಡಿ ನೋಡಿ ಕೊಯ್ತೀನಿ. ಆಣಿ ಮಾತ್ರ ಮಾಡಂಗಿಲ್ಲ."

(ಆ ಕವಲಿನ ಚಿತ್ರ ನಾ ಎಷ್ಟೋ ಸಲ ನೋಡೀನಿ. ಅತ್ತಿ ಅಂಗೈ ಮ್ಯಾಲ ಇಟ್ಟು ನೋಡಿದ್ದಿಲ್ಲ.)

ಅತ್ತಿ ಆ ಗೆರಿ ನೋಡ್ಕೋತ ಕುಂತಳು. "ಆಣಿ ಮಾಡಿದ್ರ ನಾ ನಂಬತಿದ್ದಿಲ್ಲವ್ವ. ಮಾಡು."

ಹೊಲಿಗಿ ಬಿಚ್ಚಿ, ಗಾಯ ಮಾದ ಮ್ಯಾಲ, ಹೋದ ಸೋಮವಾರ ಮತ್ತ ಪೂಜಿಗಿ ಕುಂತಳು. ಮಲ್ಲು ಮೊಬೈಲ್ ನೋಡೋರಂಗ ಬಾಗಿಲದಾಗ ನಿಂತಿದ್ದ. ಸ್ಕ್ರೀನ್ ಬಂದ್ ಇತ್ತು.

ಅತ್ತಿ ಲಿಂಗ ಇಟ್ಕೊಂಡು ಕಣ್ಣು ಮುಚ್ಚಿದ್ಳು. ಬಹಳ ಹೊತ್ತು.

"ಏನಾತಬೇ?" ಅಂದ ಮಲ್ಲು.

"ತಡಿಯೋ ಜರಾ."

ಆಮ್ಯಾಲ ಮೆಲ್ಲಕ, "ತಣ್ಣಗದ," ಅಂದ್ಳು.

ಮಲ್ಲು ಹೊರಗ ಹೋಗಿ ಮಾರಿ ತೊಳ್ಕೊಂಡು ಬಂದ. ಬೆರಳಿನ ಜೋಮು ಏನಾತು ಅಂತ ನಾನೇ ಕೇಳ್ಬೇಕಾತು. "ಹೂಂ, ಅದೂ ಹೋಗ್ಯಾದ," ಅಂದ್ಳು, ಹಳಿ ಸುದ್ದಿ ಹೇಳ್ದಂಗ.

ಕೈ ಆಪರೇಷನ್ ಆದ ಮ್ಯಾಲ ಏನೇನು ಕೇಳ್ತಾರ ನಾ ಓದೀನಿ. ಗುಂಡಿ ಹಾಕ್ತೀರೇನು? ಡಬ್ಬಿ ಮುಚ್ಚಳ ತೆಗಿತೀರೇನು? ಎಲ್ಲಾ ಬರೋಬ್ಬರಿ. ಆದ್ರ ನಮ್ಮತ್ತಿ ಪಾಸಾದದ್ದು ಬ್ಯಾರೆನೇ ಪರೀಕ್ಷಾದಾಗ.

ನಿಮ್ಮ ಮನ್ಯಾಗ ಯಾರರೆ ಆಪರೇಷನ್ ಬ್ಯಾಡ ಅಂತ ಹಟ ಹಿಡದು ಕುಂತಾರೇನು? ಏನು ಉಳಿಸ್ಕೊಳ್ಳಲಾಕ ಅಂತ ಕೇಳೀರೇನು?