ಬುಡೇನ್ ಸಾಬರು ಮತ್ತು ಎರಡು ವೇಸ್ಟ್‌ಗೇಟು

ನನ್ನ ಮೈತೂಕಕ್ಕೆ ಇಡೀ ಹಡಗಲಿಯಲ್ಲಿ ಮರ್ಯಾದೆ ಕೊಟ್ಟವರೆಂದರೆ ಬುಡೇನ್ ಸಾಬರೊಬ್ಬರೇ. ಉಳಿದವರು ನಾನು ಆಟೋ ಹತ್ತಿದರೆ ಸರಿದು ಕೂರುವ ಬದಲು ಇಳಿದೇ ಬಿಡುತ್ತಾರೆ. ಮದುವೆ ಮನೆಯಲ್ಲಿ ನನಗೆ ಪ್ಲಾಸ್ಟಿಕ್ ಕುರ್ಚಿ ಕೊಡುವ ಹುಡುಗರು ಒಂದರೊಳಗೊಂದು ಎರಡು ಸೇರಿಸಿ ಕೊಡುತ್ತಾರೆ. ನನ್ನ ಹೆಂಡತಿ ಶಾಂತಾ ತಟ್ಟೆಗೆ ರೊಟ್ಟಿ ಹಾಕುವಾಗ ಪ್ರತಿಸಲ ಡಾಕ್ಟರ ಹೆಸರು ಹೇಳಿಯೇ ಹಾಕುತ್ತಾಳೆ. ಸಾಬರು ಮಾತ್ರ ನನ್ನ ಝೆರಾಕ್ಸ್ ಅಂಗಡಿಯ ಮುಂದೆ ನಿಂತು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ತೃಪ್ತಿಯಿಂದ ನೋಡಿ, "ಶೇಕ್ರಣ್ಣಾರ, ನೀವೊಬ್ರು ಇದ್ರ ನನಗ ಒಂದೂವರಿ ಆಳು ಇದ್ದಂಗ. ದೇವರು ನಿಮ್ಮನ್ನ ಹಿಂಗ ಇಟ್ಟಿರ್ಲಿ" ಎಂದು ಹರಸುತ್ತಿದ್ದರು.

ಅವರಿಗೆ ನನ್ನ ತೂಕ ಬೇಕಾಗುತ್ತಿದ್ದುದು ಗಾಡಿ ಪರೀಕ್ಷೆಗೆ. ಅವರ ಗ್ಯಾರೇಜು ನನ್ನ ಅಂಗಡಿಯ ಎದುರಿಗೇ. ರಿಪೇರಿ ಮಾಡಿದ ಕಾರನ್ನು ಖಾಲಿ ಓಡಿಸಿ ನೋಡುವುದರಲ್ಲಿ ಸಾಬರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ಖಾಲಿ ಗಾಡಿ ಯಾವತ್ತೂ ಛಲೋನ ಓಡತೈತ್ರಿ. ಮಂದಿ ತುಂಬಿ ಏರು ಹತ್ಸಿ ನೋಡ್ರಿ, ಆಗ ಅದರ ಬಣ್ಣ ಬಯಲಾಗತೈತಿ" ಎನ್ನುತ್ತಿದ್ದರು. ಹೀಗಾಗಿ ನಮ್ಮ ಓಣಿಯಲ್ಲಿ ಕೆಲಸವಿಲ್ಲದೆ ಕೂತವರೆಲ್ಲ ಒಂದಲ್ಲ ಒಂದು ದಿನ ಅವರ ಗಾಡಿಯಲ್ಲಿ ತೂಕವಾಗಿ ಕೂತವರೇ. ಖಾಯಂ ತೂಕಗಳೆಂದರೆ ಮೂವರು: ನಾನು, ನನ್ನ ಪಕ್ಕದ ಅಂಗಡಿಯ ಟೇಲರ್ ಈರಣ್ಣ, ಮತ್ತು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಹೊತ್ತು ಹೋಗದೆ ಒದ್ದಾಡುತ್ತಿದ್ದ ಕೊಟ್ರಪ್ಪ.

ಸಾಬರ ಇನ್ನೊಂದು ಚಟ ಹೋಲಿಸಿ ನೋಡುವುದು. ಚಪ್ಪಲಿ ಬೇಕಾದರೆ ಎರಡು ಕಂಪನಿಯ ಜೋಡು ತಂದು, ಎಡಗಾಲಿಗೆ ಒಂದು ಕಂಪನಿಯದು, ಬಲಗಾಲಿಗೆ ಇನ್ನೊಂದು ಕಂಪನಿಯದು ಮೆಟ್ಟಿಕೊಂಡು ಸವೆಯುವವರೆಗೂ ತಿರುಗುತ್ತಿದ್ದರು. ಮಸೀದಿಯ ಬಾಗಿಲಲ್ಲಿ ಅವರ ಚಪ್ಪಲಿ ಮಾತ್ರ ಯಾವತ್ತೂ ಕಳುವಾಗಲಿಲ್ಲ. ಒಮ್ಮೆ ಹಗರಿಬೊಮ್ಮನಹಳ್ಳಿಗೆ ಬೀಗರ ಮನೆಯ ಮದುವೆಗೆ ಹೊರಟಾಗ ಮುಖದ ಅರ್ಧವನ್ನು ಒಂದು ಬ್ಲೇಡಿನಲ್ಲಿ, ಇನ್ನರ್ಧವನ್ನು ಇನ್ನೊಂದು ಬ್ಲೇಡಿನಲ್ಲಿ ಬೋಳಿಸಿಕೊಂಡು ಹೋದರು. ಎಡಗೆನ್ನೆ ನುಣ್ಣಗಿತ್ತು. ಬಲಗೆನ್ನೆಯ ತುಂಬ ರಕ್ತ ನಿಲ್ಲಲೆಂದು ಅಂಟಿಸಿದ ಪೇಪರಿನ ಚೂರುಗಳು. ಬೀಗರು ಗಾಬರಿಯಾಗಿ ವಿಚಾರಿಸಿದರೆ, "ಏನಿಲ್ರಿ, ಬಲಕಿಂದು ಸೋತೈತಿ" ಎಂದರಂತೆ. ಅವರ ಮುಂದೆ ಯಾವುದನ್ನೂ ಸುಮ್ಮನೆ ಹೊಗಳುವ ಹಾಗಿರಲಿಲ್ಲ. ಚಹಾ ಛಲೋ ಐತಿ ಎಂದರೆ ಕಪ್ಪು ಕೆಳಗಿಟ್ಟು, "ಯಾವ್ದಕ್ಕಿಂತ?" ಎಂದು ಕೇಳುತ್ತಿದ್ದರು. ಹೊಸ ಸೊಸೆ ಛಲೋ ಅದಾಳ ಎಂದು ಕೊಟ್ರಪ್ಪ ಒಮ್ಮೆ ಹೇಳಿದಾಗಲೂ ಅದೇ ಪ್ರಶ್ನೆ ಕೇಳಿ, ಅವನ ಮನೆಯಲ್ಲಿ ಎರಡು ದಿನ ಒಲೆ ಹೊತ್ತದ ಹಾಗೆ ಮಾಡಿದ್ದರು.

ಇಂಥ ಸಾಬರ ಕೈಗೆ ಗಿರಿಜಮ್ಮನ ಕಾರು ಸಿಕ್ಕಿತು. ಗಿರಿಜಮ್ಮ ಮಲ್ಲಿಗೆ ಹೂವಿನ ವ್ಯಾಪಾರದವರು. ಸುತ್ತಲಿನ ತೋಟಗಳಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಬಿಡಿಸಿದ ಮೊಗ್ಗನ್ನು ಬುಟ್ಟಿಗೆ ತುಂಬಿ, ಒದ್ದೆ ಗೋಣಿ ಹೊದಿಸಿ, ತಮ್ಮ ಹಳೆಯ ಟರ್ಬೊ ಡೀಸೆಲ್ ಕಾರಿನಲ್ಲಿ ಹೇರಿಕೊಂಡು, ತಾವೇ ಓಡಿಸಿಕೊಂಡು ಹರಪನಹಳ್ಳಿ ಮೇಲೆ ದಾವಣಗೆರೆಗೆ ಒಯ್ಯುತ್ತಿದ್ದರು. ಬಿಸಿಲು ಬಲಿಯುವುದರೊಳಗೆ ಮುಟ್ಟಬೇಕು. ತಡವಾದರೆ ಮೊಗ್ಗು ದಾರಿಯಲ್ಲೇ ಬಾಯಿ ಬಿಡುತ್ತದೆ, ಬಾಯಿ ಬಿಟ್ಟ ಮಲ್ಲಿಗೆಯನ್ನು ಮಾಲೆಗೆ ಯಾರೂ ಕೊಳ್ಳುವುದಿಲ್ಲ. ಆ ಕಾರು ಈಗ ಏರು ಬಂದರೆ ಸಾಕು, ಮುದುಕರ ಹಾಗೆ ಏದುಸಿರು ಬಿಡಲು ಶುರು ಮಾಡಿತ್ತು. ದಿನಾ ತಡ. ದಾವಣಗೆರೆಯ ಹೂವಿನ ಸಾಹುಕಾರ ಸಿಟ್ಟಾಗಿ, ಬರುವ ಸೋಮವಾರವೂ ತಡವಾದರೆ ಬೇರೆಯವರ ಹೂವು ತೆಗೆದುಕೊಳ್ಳುವುದಾಗಿ ಹೇಳಿಬಿಟ್ಟಿದ್ದ.

"ಬುಡೇನಣ್ಣಾ, ಸೋಮವಾರ ತಪ್ಪಿತು ಅಂದ್ರ ನಾನೊಬ್ಬಾಕಿ ಅಲ್ಲ, ಮೊಗ್ಗು ಬಿಡಿಸೋ ಹೆಣ್ಮಕ್ಳೆಲ್ಲ ಮನ್ಯಾಗ ಕುಂದರ್ತಾರ. ಏನರೆ ಮಾಡು" ಎಂದು ಗ್ಯಾರೇಜಿನ ಕಲ್ಲಿನ ಮೇಲೆ ಕೂತು ಹೇಳಿದರು. ನಾನು ಎದುರಿಗೆ ಝೆರಾಕ್ಸ್ ತೆಗೆಯುತ್ತಿದ್ದವನು ಕೇಳಿ ಕೈ ನಿಲ್ಲಿಸಿದೆ.

ಸಾಬರು ಬಾನೆಟ್ ಎತ್ತಿ ನೋಡಿ, ತಪ್ಪು ವೇಸ್ಟ್‌ಗೇಟಿನದು ಎಂದರು. ಅದೇನೆಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ವಿವರಣೆ ಇಷ್ಟು: "ಟರ್ಬೊ ಅಂದ್ರ ಒಂದು ಫ್ಯಾನು. ಇಂಜಿನ್ನಿನ ಹೊಗಿ ಅದನ್ನ ತಿರುಗಸ್ತೈತಿ, ಅದು ಇಂಜಿನ್ನಿಗೆ ಗಾಳಿ ಊದತೈತಿ. ಊದಿದಷ್ಟೂ ಗಾಡಿಗೆ ತಾಕತ್ತು. ಅತಿ ಆದ್ರ ಇಂಜಿನ್ ಒಡೀತೈತಿ. ಅದಕ್ಕ ಹೆಚ್ಚಾದ ಹೊಗಿ ಹೊರಗ ಬಿಡಾಕ ಒಂದು ಸಣ್ಣ ಬಾಗಲಾ ಇರತೈತಿ, ಅದ ಗೇಟು. ಇವ್ರ ಗಾಡ್ಯಾಗ ಆ ಬಾಗಲಾ ಮುಚ್ಚವಲ್ದು. ಫ್ಯಾನಿಗೆ ಸಿಗಬೇಕಾದ ಹೊಗಿ ಎಲ್ಲ ಊರ ಪಾಲು." ಆ ಹಳೆಯ ಕಾರಿಗೆ ಕಂಪನಿಯ ಗೇಟು ಬರುವುದು ಎಂದೋ ನಿಂತಿತ್ತು. ಬೇರೆಯವರು ತಯಾರಿಸಿದ್ದನ್ನೇ ಹಾಕಬೇಕು. ಇನ್ನೊಬ್ಬ ಮೆಕ್ಯಾನಿಕ್ ಆಗಿದ್ದರೆ ಒಂದು ತರಿಸಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದ. ಸಾಬರು ಎರಡು ತರಿಸಿದರು. ಬೆಂಗಳೂರಿನಿಂದ ಬಂದದ್ದು ನೀಲಿ ಬಣ್ಣದ್ದು, ಮದುಮಗನ ವಾಚಿನ ಹಾಗೆ ಫಳಫಳ. ಹುಬ್ಬಳ್ಳಿಯಿಂದ ಬಂದದ್ದು ಕಪ್ಪು, ಒರಟು, ಅದರ ಸ್ಪ್ರಿಂಗು ಒತ್ತಿದರೆ ಹೆಬ್ಬೆರಳು ನೋಯುತ್ತಿತ್ತು. ಬೇಡವಾದದ್ದನ್ನು ವಾಪಸ್ ಕಳಿಸುವ ಮಾತಾಗಿತ್ತು.

ಗಿರಿಜಮ್ಮ ಬೆಳಿಗ್ಗೆ ಹೂವು ಒಯ್ದು ಮಧ್ಯಾಹ್ನ ತಿರುಗಿ ಬಂದ ಮೇಲೆ ಪರೀಕ್ಷೆ. ಒಂದು ದಿನ ನೀಲಿ ಗೇಟು, ಮರುದಿನ ಕರಿ ಗೇಟು. ಹಿಂದಿನ ಸೀಟು ತೆಗೆದ ಕಾರಿನಲ್ಲಿ ಒದ್ದೆ ಗೋಣಿಗಳ ಮೇಲೆ ನಾವು ಮೂವರು ಕಾಲು ಮಡಚಿ ಕೂರಬೇಕು. ಸಾಬರು ಹಿರೇಹಡಗಲಿ ರಸ್ತೆಯ ಏರಿನ ಬುಡದಿಂದ ಮೂರನೇ ಗೇರಿನಲ್ಲೇ ಹೊರಟು, ಗಾಡಿ ಸೋತು ನಿಂತ ಜಾಗದಲ್ಲಿ ಇಳಿದು, ರಸ್ತೆಯ ಪಕ್ಕ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಎರಡನೇ ದಿನ ಪಕ್ಕದ ಹೊಲದವನೊಬ್ಬ ಓಡಿ ಬಂದು, "ರಸ್ತಿ ಅಗಲ ಮಾಡ್ತಾರೇನ್ರಿ? ನಂದೆಷ್ಟು ಹೋಗತೈತಿ?" ಎಂದು ಕೈಮುಗಿದ. ಕೊಟ್ರಪ್ಪ ಗಾಡಿಯೊಳಗಿಂದಲೇ ಗಂಭೀರವಾಗಿ, "ಇನ್ನೂ ನಿರ್ಧಾರ ಆಗಿಲ್ಲ" ಎಂದುಬಿಟ್ಟ. ಮರುದಿನ ಆ ಏರಿನ ಇಕ್ಕೆಲದ ಹೊಲದವರೆಲ್ಲ ನಮಗಾಗಿ ಕಾದು ನಿಂತಿದ್ದರು. ಒಬ್ಬಾತ ಎಳನೀರು ಕೊಟ್ಟ. ಕುಡಿದೆವು, ಸುಳ್ಳೇಕೆ ಹೇಳಲಿ.

ಆದರೆ ಆ ದಿನದ ಪರೀಕ್ಷೆಯನ್ನು ಸಾಬರು ರದ್ದು ಮಾಡಿದರು. ಕಾರಣ ನಾನು. ಮಧ್ಯಾಹ್ನ ಸಂಬಂಧಿಕರ ಮನೆಯಲ್ಲಿ ನಾಮಕರಣದ ಊಟ ಮಾಡಿ ಬಂದಿದ್ದೆ. ಎಳನೀರು ಕುಡಿದು ನಾನು ಮತ್ತೆ ಕಾರು ಹತ್ತಿದಾಗ ಅದು ಕುಸಿದ ರೀತಿ ಅವರಿಗೆ ಹಿಡಿಸಲಿಲ್ಲ.

"ಶೇಕ್ರಣ್ಣಾರ, ಖರೇ ಹೇಳ್ರಿ. ಹೋಳಿಗಿ ಎಷ್ಟು ತಿಂದ್ರಿ?"

"ಎಣಿಸಿಲ್ರಿ."

"ಎಣಿಸ್ಲಾರದಷ್ಟು ತಿಂದೀರಿ. ನಿನ್ನೆ ಕರಿ ಗೇಟಿಗೆ ಉಪಾಸ ಕುಂತಂಗ ಕುಂತು, ಇವತ್ತು ನೀಲಿ ಗೇಟಿಗೆ ಹೋಳಿಗಿ ತಿಂದು ಕುಂತ್ರ ಅದು ನ್ಯಾಯ ಅಲ್ಲ."

ಕಬ್ಬಿಣದ ತುಂಡಿಗೂ ನ್ಯಾಯ ಸಿಗಬೇಕೆನ್ನುವ ಮನುಷ್ಯ ಅವರು. ಸೋಮವಾರದವರೆಗೆ ನಾನು ಮಧ್ಯಾಹ್ನಕ್ಕೆ ಎರಡೇ ರೊಟ್ಟಿ ತಿನ್ನಬೇಕೆಂದು ಅಪ್ಪಣೆಯಾಯಿತು. ಇದನ್ನು ಕೇಳಿ ಶಾಂತಾ ಮೊದಲು ಖುಷಿಪಟ್ಟಳು. ಆ ಖುಷಿ ಬಾಳಲಿಲ್ಲ. ಮೂರು ದಿನದಿಂದ ಗಂಡ ಹಗಲು ಹೊತ್ತಿನಲ್ಲಿ ಅಂಗಡಿ ಮುಚ್ಚಿ ಎಲ್ಲೋ ಹೋಗಿ, ಮೈತುಂಬ ಮಲ್ಲಿಗೆ ವಾಸನೆ ಹೊತ್ತು ಮನೆಗೆ ಬರುತ್ತಿದ್ದಾನೆ, ಸಾಲದ್ದಕ್ಕೆ ಊಟವನ್ನೂ ಕಡಿಮೆ ಮಾಡಿದ್ದಾನೆ. ಯಾವ ಹೆಂಗಸು ಸುಮ್ಮನಿದ್ದಾಳು? ಅಂಗಿ ಮೂಸಿ ನೋಡಿ, "ಎಲ್ಲಿಗೆ ಹೋಗಿದ್ರಿ?" ಎಂದಳು. ಗಿರಿಜಮ್ಮನ ಗಾಡಿಯಲ್ಲಿ ತೂಕವಾಗಿ ಕೂತಿದ್ದೆ ಎಂದು ನಿಜವನ್ನೇ ಹೇಳಿದೆ. ಅದಕ್ಕಿಂತ ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು. ಅವತ್ತು ಆ ಎರಡು ರೊಟ್ಟಿಯೂ ಸಿಗಲಿಲ್ಲ.

ಹೀಗೆ ಶನಿವಾರ ಬಂತು. ನೀಲಿ ಗೇಟು ಒಂದು ದಿನ ಮೇಲೆ ಹೋದರೆ ಕರಿ ಗೇಟು ಇನ್ನೊಂದು ದಿನ ಮೇಲೆ. ಸುಣ್ಣದ ಗೆರೆಗಳು ಒತ್ತೊತ್ತಾಗಿ ಬಿದ್ದಿದ್ದವು. ಏರಿನ ತುದಿಯನ್ನು ಮಾತ್ರ ಎರಡೂ ಮುಟ್ಟಿರಲಿಲ್ಲ. ಗಿರಿಜಮ್ಮನ ತಾಳ್ಮೆ ಹರಿಯಿತು. "ಬುಡೇನಣ್ಣಾ, ಎರಡ್ರಾಗ ಯಾವ್ದರೆ ಒಂದು ಹಾಕಿ ಕೊಟ್ಟುಬಿಡು. ಗೇಟಿನ ಲಗ್ನ ಮಾಡಾಕ ಹೊಂಟಿಯೇನು? ನಾಡದು ನನ್ನ ಹೂವು ತಿರುಗಿ ಬಂದ್ರ ನಿನ್ನ ಗ್ಯಾರೇಜಿನ ಮುಂದ ತಂದು ಸುರುವ್ತೀನಿ" ಎಂದರು. ಸಾಬರು ತಲೆ ತಗ್ಗಿಸಿ, "ಇವತ್ತೊಂದು ಸಲ, ಗಿರಿಜಕ್ಕ" ಎಂದರು. ಅವರ ಮುಖ ನೋಡಿ ನನಗೆ ಕೆಡುಕೆನಿಸಿತು. ರಾತ್ರಿ ನಿದ್ದೆ ಮಾಡಿದ ಕಣ್ಣಲ್ಲ ಅವು.

ಅವತ್ತು ಹೊರಡುವಾಗಲೇ ಜಗಳ. ಕೊಟ್ರಪ್ಪ ಗಾಡಿ ಹತ್ತಲು ಕಾಲೆತ್ತಿದ, ಅವನ ಪೈಜಾಮ ಹಿಂದಿನಿಂದ ಪರ್ ಎಂದು ಬಿಟ್ಟುಕೊಂಡಿತು. ಹೊಲಿದವನು ಈರಣ್ಣ.

"ಲೇ ಈರಣ್ಣ, ದಾರ ಹಾಕಿ ಹೊಲದೀಯೋ, ಉಗುಳು ಹಚ್ಚಿ ಹೊಲದೀಯೋ?"

"ಬಟ್ಟಿ ಕೊಟ್ಟಾಗ ಒಂದು ಅಳತಿ ಇದ್ದಿ, ಈಗ ಒಂದು ಅಳತಿ ಅದಿ. ನಾನೇನು ಮಾಡ್ಲಿಲೇ?"

ಅಷ್ಟಕ್ಕೇ ಮಾತು ಬಿಟ್ಟರು. ಇಬ್ಬರ ನಡುವೆ ನಾನು, ಮನೆಯ ಚಿಂತೆಯಲ್ಲಿ ಹಸಿದ ಹೊಟ್ಟೆ ಹಿಡಿದುಕೊಂಡು. ದಿನವೂ ಕೊಟ್ರಪ್ಪ ಕಂಡಕ್ಟರ್ ಕಾಲದ ಕಥೆಗಳನ್ನು ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ ಹೇಳುತ್ತಿದ್ದ, ಈರಣ್ಣ ಅದಕ್ಕೆ ಅಡ್ಡ ಬಾಯಿ ಹಾಕುತ್ತಿದ್ದ, ನಾನು ನಗುತ್ತಿದ್ದೆ. ಅವತ್ತು ಒಬ್ಬರೂ ತುಟಿ ಬಿಚ್ಚಲಿಲ್ಲ. ಕಾರು ಏರು ಹತ್ತತೊಡಗಿತು. ಅರ್ಧ ಏರಿರಬೇಕು, ಮುಂದಿನಿಂದ ಸುಸ್ ಎಂಬ ಸದ್ದು ಬಂತು.

"ಸಾಬ್ರ, ಗಾಡ್ಯಾಗ ಹಾವೈತಿ" ಎಂದ ಈರಣ್ಣ.

ಆಮೇಲೆ ಯಾರು ಮೊದಲು ಇಳಿದರೋ ಗೊತ್ತಿಲ್ಲ. ಈ ದೇಹ ಹೊತ್ತು ನಾನು ಅಷ್ಟು ಚುರುಕಾಗಿ ಯಾವತ್ತೂ ಇಳಿದಿಲ್ಲ. ಮೂವರೂ ರಸ್ತೆ ದಾಟಿ ಹೊಲದಲ್ಲಿ ನಿಂತಿದ್ದೆವು, ಕೊಟ್ರಪ್ಪ ಒಂದು ಕೈಯಲ್ಲಿ ಪೈಜಾಮದ ಹಿಂಭಾಗ ಹಿಡಿದುಕೊಂಡು. ಸಾಬರು ಮಾತ್ರ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಕಿವಿ ನಿಮಿರಿಸಿ ಕೂತಿದ್ದರು. ಖಾಲಿ ಗಾಡಿಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟರು. ಸದ್ದಿಲ್ಲ. "ಬರ್ರಿ, ಹತ್ರಿ, ಯಾರೂ ಮಾತಾಡಬ್ಯಾಡ್ರಿ" ಎಂದರು. ದೇವರ ಮೇಲೆ ಭಾರ ಹಾಕಿ ಹತ್ತಿದೆವು. ಗಾಡಿ ಭಾರ ಎಳೆಯತೊಡಗಿದ್ದೇ ತಡ, ಮತ್ತೆ ಸುಸ್.

ಸಾಬರು ಇಳಿದು, ಟಾರು ರಸ್ತೆಯ ಮೇಲೆ ಅಂಗಾತ ಮಲಗಿ, ಗಾಡಿಯ ಕೆಳಗೆ ತೂರಿಕೊಂಡರು. ಬಹಳ ಹೊತ್ತು ಅವರ ಎರಡು ಬಗೆಯ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಹೊರಗೆ ಬಂದಾಗ ಮುಖ ಬೆವರು, ಮಸಿ. ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪಿನ ಅಡಿಯಲ್ಲಿ ಬೆರಳುದ್ದ ಸೀಳಿತ್ತು. ಗಾಡಿ ನಿಂತಾಗ ಅದು ಮುಚ್ಚಿಕೊಂಡಿರುತ್ತಿತ್ತು. ಭಾರ ಬಿದ್ದು ಗಾಳಿ ಒತ್ತಿದಾಗ ಬಾಯಿ ತೆರೆದು ಗಾಳಿಯನ್ನೆಲ್ಲ ಹೊರಗೆ ಚೆಲ್ಲುತ್ತಿತ್ತು. ಆ ಸದ್ದು ಮೊದಲ ದಿನದಿಂದಲೂ ಇತ್ತು. ಅವರೇ ಹತ್ತಿಸಿಕೊಂಡ ತೂಕಗಳ ಬಾಯಿಯಿಂದಾಗಿ ಅವರಿಗೆ ಕೇಳಿಸಿರಲಿಲ್ಲ.

ಸಾಬರು ಸುಣ್ಣದ ಗೆರೆಗಳ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಎರಡು ಹೊಸಾವು ಒಂದಕ್ಕೊಂದು ಹೋಲಿಸಿದ್ನಿ, ಶೇಕ್ರಣ್ಣಾರ. ಹಳೇದನ್ನ ಒಮ್ಮಿನೂ ಹಾಕಿ ನೋಡ್ಲಿಲ್ಲ. ಪಾಪ, ಅದರದೇನೂ ತಪ್ಪಿಲ್ಲ" ಎಂದರು. ಒಂದು ಗೇಟಿನ ಮೇಲೆ ಸುಳ್ಳು ಅಪವಾದ ಹೊರಿಸಿದೆನೆಂದು ಒಬ್ಬ ಮನುಷ್ಯ ಅಷ್ಟು ನೊಂದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನಗು ಬಂದರೂ ನಗಲಾಗಲಿಲ್ಲ. ಅವರ ಬೆನ್ನ ಮೇಲೆ ಕೈಯಿಟ್ಟೆ.

ಭಾನುವಾರ ಬೆಳಿಗ್ಗೆಯೇ ಬಸ್ ಹಿಡಿದು ಹರಪನಹಳ್ಳಿಗೆ ಹೋಗಿ ಪೈಪು ತಂದರು. ಇದ್ದದ್ದು ಒಂದೇ. ಇನ್ನೊಂದು ಕಂಪನಿಯದು ಕೊಡಿ ಎಂದು ಅಂಗಡಿಯವನ ತಲೆ ತಿಂದು, ಇಲ್ಲವೆನಿಸಿಕೊಂಡು ಬಂದಿದ್ದರು. ಹಳೆಯ ಗೇಟನ್ನು ತೊಳೆದು, ಎಣ್ಣೆ ಬಿಟ್ಟು, ತಿರುಗಿ ಕೂರಿಸಿದರು. ಪೈಪು ಬಿಗಿಯುವಾಗ ಕೈ ಎಷ್ಟು ಅನುಮಾನಿಸುತ್ತಿತ್ತೆಂದರೆ, ಹೋಲಿಸದೆ ಒಂದು ವಸ್ತುವನ್ನು ಅವರು ಗಾಡಿಗೆ ಹಾಕಿದ್ದು ಅದೇ ಮೊದಲಿರಬೇಕು. ಸೋಮವಾರ ಬಿಸಿಲು ಇನ್ನೂ ಎಳೆಯದಾಗಿದ್ದಾಗಲೇ ದಾವಣಗೆರೆಯಿಂದ ಗಿರಿಜಮ್ಮನ ಫೋನು. ಸಾಬರು ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸಿದರು. "ಬುಡೇನಣ್ಣಾ, ಸಾಹುಕಾರ ಇನ್ನೂ ಚಾ ಕುಡಿಯಾಕತ್ತಾನ. ನನ್ನ ನೋಡಿ ಬಸಿ ಕೆಳಗಿಟ್ಟ." ಈರಣ್ಣ ಮತ್ತು ಕೊಟ್ರಪ್ಪ ಮಾತು ಬಿಟ್ಟದ್ದನ್ನು ಮರೆತು ಒಬ್ಬರ ಹೆಗಲ ಮೇಲೊಬ್ಬರು ಹೊಡೆದುಕೊಂಡರು. ಅವತ್ತಿನಿಂದ ಒಂದು ದಿನವೂ ಆ ಹೂವು ತಡವಾಗಲಿಲ್ಲ. ಜ್ವರ ಬಂದರೂ, ಮನೆಯಲ್ಲಿ ಹಬ್ಬವಿದ್ದರೂ ಗಿರಿಜಮ್ಮ ದಾವಣಗೆರೆ ತಪ್ಪಿಸಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಬುಡೇನ್ ಸಾಬರು ತೀರಿಕೊಂಡರು. ಬೆಳಗಿನ ನಮಾಜು ಮುಗಿಸಿ ಬಂದು ಎದೆ ಒತ್ತಿದಂತಾಗುತ್ತದೆ ಎಂದು ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ನಾನು ಅಂಗಡಿ ತೆಗೆಯದೆ ಅವರ ಮನೆಯ ಮುಂದೆ ಹೋಗಿ ನಿಂತೆ. ನಾಚಿಕೆ ಬಿಟ್ಟು ಅತ್ತೆ. ಅಷ್ಟು ಹೊತ್ತಿಗೆ ಗಿರಿಜಮ್ಮನ ಕಾರು ಓಣಿಯೊಳಗೆ ಬಂತು. ಹರಪನಹಳ್ಳಿ ರಸ್ತೆ ಹಿಡಿದಿದ್ದವರು ತಿರುಗಿಸಿಕೊಂಡು ಬಂದಿದ್ದರು. ಹಿಂದೆ ಮೊಗ್ಗು ಬಿಡಿಸುವ ಹೆಣ್ಣುಮಕ್ಕಳು ಟಂಟಂ ಆಟೋದಲ್ಲಿ ಬಂದಿಳಿದರು. ಗೋಣಿ ಹಾಸಿ ಕೂತು, ಜನಾಜಾದ ಚಟ್ಟದ ಮೇಲೆ ಹೊದಿಸುವ ಚಾದರಕ್ಕೆ ಹೂವು ಕಟ್ಟತೊಡಗಿದರು.

ಬಿಸಿಲು ಏರಿತು. ಗಿರಿಜಮ್ಮನ ಫೋನು ಬಡಿದುಕೊಂಡಿತು. ದಾವಣಗೆರೆಯ ಸಾಹುಕಾರ.

"ಇವತ್ತು ಹೂವು ಬರಂಗಿಲ್ರಿ" ಎಂದರು ಗಿರಿಜಮ್ಮ. "ಬ್ಯಾರೆಯವರ ಹತ್ರ ತಗೋರಿ."

ಗಾಡಿ ಕೆಟ್ಟಿತೇನೆಂದು ಅವನು ಕೇಳಿರಬೇಕು.

"ಗಾಡಿಗೆ ಏನೂ ಆಗಿಲ್ರಿ" ಎಂದು ಫೋನು ಕೆಳಗಿಟ್ಟು, ಉಳಿದಿದ್ದ ಬುಟ್ಟಿಗಳನ್ನೂ ಇಳಿಸಿದರು.